ಹಾಫ್ ಕ್ಲಚ್ ಮೇಷ್ಟ್ರ ಎಡಗಾಲು

“ಅಮ್ಮಾ, ಮೇಷ್ಟ್ರು ತಾತ ಇನ್ನೂ ಕಾರು ಕಲೀತಾನೇ ಇದ್ದಾರಾ?”

ಮುಂದಿನ ಎರಡು ಸೀಟುಗಳ ಸಂದಿಯಲ್ಲಿ ಗಲ್ಲವೂರಿಕೊಂಡು ಹಿಂದೆ ಕೂತಿದ್ದ ಪುಟ್ಟಿ ಹೀಗೆ ಕೇಳಿದಾಗ ಕಾರು ನೀರಿನ ಟ್ಯಾಂಕಿನ ಪಕ್ಕದ ಏರಿನಲ್ಲಿತ್ತು. ಸ್ಟಿಯರಿಂಗ್ ಹಿಡಿದಿದ್ದವಳು ಅವಳ ಅಮ್ಮ, ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಪುಟ್ಟಿಗೂ ದಿನಾ ಡ್ರೈವಿಂಗ್ ಪಾಠವೇ. ಅಮ್ಮ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಇಂಜಿನ್ ಅರಚುತ್ತಿತ್ತೇ ಹೊರತು ಗಾಡಿ ಮುದಿ ಎಮ್ಮೆಯ ಹಾಗೆ ಎಳೆದೂ ಎಳೆಯದಂತೆ ತೆವಳುತ್ತಿತ್ತು. ಸುಟ್ಟ ವಾಸನೆ ಬೇರೆ. “ಏನಮ್ಮಾ, ಕಾರು ಓಡಿಸ್ತಿದೀರೋ ಒಲೆ ಹಚ್ತಿದೀರೋ” ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಅವರು ಕಲಿಸೋರು, ಚಿನ್ನ,” ಎಂದಳು ಅಮ್ಮ, ರಸ್ತೆಯಿಂದ ಕಣ್ಣು ಕೀಳದೆ.

“ಮತ್ತೆ ಅವರ ಕಾಲೂ ಯಾಕೆ ಒತ್ಕೊಂಡೇ ಇದೆ?”

ಮೇಷ್ಟ್ರು ಬಗ್ಗಿ ನೋಡಿದರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ತಬ್ಬಿಬ್ಬಾದಾಗ ಒತ್ತಲೆಂದು ಇರುವುದು. ಮೇಷ್ಟ್ರು ಇಲ್ಲಿ ಒತ್ತಿದರೆ ಕಲಿಯುವವರ ಪೆಡಲ್ಲೂ ಅಲ್ಲಿ ತಗ್ಗುತ್ತದೆ. ಆ ಕ್ಲಚ್ಚಿನ ಮೇಲೆ ಮೇಷ್ಟ್ರ ಎಡಗಾಲಿನ ಕಂದು ಬೂಟು ಆರಾಮಾಗಿ ಮಲಗಿತ್ತು. ಪೂರ್ತಿ ಒತ್ತಿರಲಿಲ್ಲ, ದಿಂಬಿನ ಮೇಲೆ ತಲೆಯಿಟ್ಟಷ್ಟು ಭಾರ. ಯಾವಾಗ ಇಟ್ಟರೋ ಅವರಿಗೇ ನೆನಪಿಲ್ಲ. ಬೇರೆ ಯಾರದೋ ಕಾಲನ್ನು ನೋಡಿದಂತೆ ನೋಡಿ, ಮೆಲ್ಲನೆ ತೆಗೆದು ಕೆಳಗಿಟ್ಟರು.

“ಅರೆ, ಪೆಡಲ್ಲು ಮೇಲಕ್ಕೆ ಬಂತಲ್ಲ,” ಎಂದಳು ಅಮ್ಮ.

ಕಾರು ಒಮ್ಮೆ ಗುಟುಕರಿಸಿ, ಹಿಡಿತ ಸಿಕ್ಕಂತಾಗಿ, ಏರು ಹತ್ತಿತು. ಒಲೆಯ ಮಾತನ್ನು ಮೇಷ್ಟ್ರು ನುಂಗಿಕೊಂಡರು. ಗಂಟಲಲ್ಲಿ ಅದು ಬಿಸಿಯಾಗಿಯೇ ಇಳಿಯಿತು.

ಸುತ್ತಮುತ್ತಲಿನ ಬೀದಿಗಳಲ್ಲಿ ಅವರನ್ನು ಹಾಫ್ ಕ್ಲಚ್ ಮೇಷ್ಟ್ರು ಎಂದರೆ ಮಾತ್ರ ಗೊತ್ತು. ಪಾಠದುದ್ದಕ್ಕೂ “ಹಾಫ್ ಕ್ಲಚ್ಚು, ಹಾಫ್ ಕ್ಲಚ್ಚು, ಕೂಸಿನ ಕೈಯಿಂದ ಗಿಲಕಿ ತಗೊಳ್ಳೋ ಹಾಗೆ ಬಿಡಿ” ಎಂದು ಜಪ ಮಾಡುವುದರಿಂದ ಬಂದ ಹೆಸರು. ಪ್ರಾಯದಲ್ಲಿ ಬೇಕರಿಯ ವ್ಯಾನು ಓಡಿಸುತ್ತಿದ್ದರು. ಬೆಳಗಾಗುವ ಮೊದಲೇ ಬ್ರೆಡ್ಡಿನ ಟ್ರೇಗಳನ್ನು ಅಂಗಡಿಯಿಂದ ಅಂಗಡಿಗೆ ಇಳಿಸುವ ಕೆಲಸ. ಟ್ರೇ ಎತ್ತಲು ಸೊಂಟ ಒಲ್ಲೆನೆಂದ ಮೇಲೆ ಭಾವಮೈದುನನ ಡ್ರೈವಿಂಗ್ ಶಾಲೆಗೆ ಸೇರಿಕೊಂಡರು. ಇಲ್ಲಿ ಸೊಂಟಕ್ಕೆ ಕೆಲಸವಿಲ್ಲ, ಬಾಯಿಗೆ ಮಾತ್ರ. ಅದು ಅವರಿಗೆ ಹೇಳಿ ಮಾಡಿಸಿದಂತಿತ್ತು. ಗೇರು ತಪ್ಪಿದರೆ ಒಂದು ಮಾತು, ಇಂಡಿಕೇಟರ್ ಮರೆತರೆ ಒಂದು ಮಾತು. ಹಿಂದಿನ ಸೀಟಿನಲ್ಲಿ ಸರದಿ ಕಾಯುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಗಬೇಕು. “ನಿಮ್ಮ ಕಾರಿಗೆ ಎರಡೆರಡು ಬ್ರೇಕು, ನಾಲಿಗೆಗೆ ಒಂದೂ ಇಲ್ಲ,” ಎಂದು ಹೆಂಡತಿ ಬೈಯುತ್ತಿದ್ದಳು. ಸ್ವಂತ ಮಗಳು ಬೇರೆ ಶಾಲೆಗೆ ಹೋಗಿ ಕಲಿತಳು. “ಅಪ್ಪನ ಹತ್ರ ಕಲಿತ್ರೆ ಕಾರು ಬರತ್ತೆ, ಮರ್ಯಾದೆ ಹೋಗತ್ತೆ” ಎಂದಿದ್ದಳಂತೆ. ಅದನ್ನೂ ಮೇಷ್ಟ್ರು ನಗೆಮಾತಾಗಿಯೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು.

ಕಾಲು ಪೆಡಲ್ಲಿಗೆ ಅಂಟಿಕೊಂಡದ್ದು ಹೋದ ವರ್ಷ. ಇದೇ ಏರಿನಲ್ಲಿ ಒಬ್ಬ ಹುಡುಗ ಕಾರನ್ನು ಹಿಂದಕ್ಕೆ ಜಾರಿಸಿದಾಗ ಕನ್ನಡಿಯಲ್ಲಿ ಒಂದು ಸೈಕಲ್ಲು, ಅದರ ಬುಟ್ಟಿಯಲ್ಲಿ ಸೊಪ್ಪಿನ ಕಟ್ಟು ಇಷ್ಟು ಹತ್ತಿರ ಕಂಡಿತ್ತು. ಮೇಷ್ಟ್ರು ಹೊತ್ತಿಗೆ ಸರಿಯಾಗಿ ತಮ್ಮ ಬ್ರೇಕು, ಕ್ಲಚ್ಚು ಎರಡನ್ನೂ ಒತ್ತಿದರು, ಏನೂ ಆಗಲಿಲ್ಲ. ಸೈಕಲ್ಲಿನವನಿಗೆ ಗೊತ್ತೂ ಆಗಲಿಲ್ಲ. ಆದರೆ ಅಂದಿನಿಂದ ಅವರ ಕಾಲುಗಳು ಯಾರನ್ನೂ ನಂಬಲಿಲ್ಲ. ಹೆದರಿಕೆಯಾಗುತ್ತದೆ ಎಂದು ಹೇಳಿಕೊಳ್ಳುವುದು ಯಾರ ಬಳಿ? ಈಜು ಕಲಿಸುವವನು ನೀರಿಗೆ ಹೆದರುತ್ತೇನೆ ಎಂದರೆ ಯಾರು ಕೊಳಕ್ಕೆ ಇಳಿದಾರು? ಹಾಗಾಗಿ ಹೆಚ್ಚು ಮಾತಾಡಿದರು, ಹೆಚ್ಚು ನಗಿಸಿದರು. ಕ್ಲಚ್ಚು ಸದಾ ಅರೆಬರೆ ಒತ್ತಿಕೊಂಡೇ ಇದ್ದು, ಒಳಗಿನ ಕ್ಲಚ್ ಪ್ಲೇಟುಗಳು ಉಜ್ಜಿ ಉಜ್ಜಿ ಒಂದರ ಹಿಂದೊಂದು ಸುಟ್ಟವು. ಪ್ರತಿ ಸಲವೂ ತಪ್ಪನ್ನು ಹೊರಲು ಸ್ಟಿಯರಿಂಗ್ ಹಿಂದೆ ಒಬ್ಬರು ಇದ್ದೇ ಇರುತ್ತಿದ್ದರು.

ಏರಿನ ತುದಿ ತಲುಪುವ ಹೊತ್ತಿಗೆ ಆ ಮುಖಗಳೆಲ್ಲ ಒಂದೊಂದಾಗಿ ಬಂದುಹೋದವು. ಒಂದು ಮುಖ ಮಾತ್ರ ಹೋಗಲಿಲ್ಲ.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಅಕ್ಕ. ಗಂಡನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಅವನು ಓಡಿಸುತ್ತಿದ್ದ ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಅದನ್ನು ತಾನೇ ಓಡಿಸಬೇಕೆಂದು ಐವತ್ತು ದಾಟಿದ ಮೇಲೆ ಕಲಿಯಲು ಬಂದವಳು. ಒಂದು ದಿನ ಸಂಕೋಚದಿಂದಲೇ ಕೇಳಿದ್ದಳು: “ಮೇಷ್ಟ್ರೇ, ನಾನು ಕಾಲಿಡೋಕೆ ಮುಂಚೇನೇ ಈ ಪೆಡಲ್ಲು ಒಂಚೂರು ಕೆಳಗಿರತ್ತಲ್ಲ?”

ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರಿದ್ದರು. ಕೇಳುವವರಿದ್ದರೆ ಮೇಷ್ಟ್ರ ಬಾಯಿ ಸುಮ್ಮನಿದ್ದೀತೆ? “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಅಕ್ಕಾ, ಇದು ಕ್ಲಚ್ಚು, ನಿಮ್ಮ ಕಚೇರಿ ಠಸ್ಸೆ ಅಲ್ಲ ಗುದ್ದೋಕೆ,” ಎಂದಿದ್ದರು. ಹುಡುಗರು ಬಿದ್ದು ಬಿದ್ದು ನಕ್ಕರು. ಅದೇ ವಾರ ಮಾರುಕಟ್ಟೆಯ ನಡುವೆ ಕಾರು ಕೈಕೊಟ್ಟಾಗ “ನೋಡ್ರಪ್ಪಾ, ಅಕ್ಕ ಪ್ಲೇಟೇ ಊಟ ಮಾಡಿಬಿಟ್ರು” ಎಂದು ದಾರಿಹೋಕರಿಗೂ ಕೇಳುವಂತೆ ಸಾರಿದ್ದರು. ಹಿಂದಿನ ವಾಹನಗಳು ಹಾರ್ನ್ ಮಾಡುತ್ತಿದ್ದವು. ಆಕೆ ಕೆಳಗಿಳಿದು ಸೆರಗಿನಿಂದ ಕತ್ತು ಒರೆಸಿಕೊಂಡು, “ತಪ್ಪಾಯ್ತು ಮೇಷ್ಟ್ರೇ, ನಿಮ್ಮ ಗಾಡಿ ಹಾಳು ಮಾಡಿದೆ,” ಎಂದಿದ್ದಳು. ಮತ್ತೆ ಬರಲಿಲ್ಲ.

ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವರು ಪಕ್ಕದಲ್ಲೇ ಕೂತಿದ್ದರು.

ಇಳಿಜಾರು ಮುಗಿದು ಗ್ಯಾರೇಜಿನ ತಿರುವು ಬರುವಷ್ಟರಲ್ಲಿ ಕಾರು ಪೂರ್ತಿ ಕೈಚೆಲ್ಲಿತು. ಗೇರು ಬೀಳುತ್ತಿತ್ತು, ಇಂಜಿನ್ ಕೂಗುತ್ತಿತ್ತು, ಚಕ್ರ ಮಾತ್ರ ಕದಲಲಿಲ್ಲ. ಅಮ್ಮನೂ ಮೇಷ್ಟ್ರೂ ಸೇರಿ ತಳ್ಳಿದರು; ಪುಟ್ಟಿಯೂ ಒಂದು ಬೆರಳು ಹಚ್ಚಿದಳು.

ಮೆಕ್ಯಾನಿಕ್ ಗ್ರೀಸಿನ ಕೈಯನ್ನು ಚಿಂದಿಗೆ ಒರೆಸುತ್ತ ಬಂದ. ಮೂಗಿಗೆ ವಾಸನೆ ಬಡಿದದ್ದೇ ಅವನ ಮುಖ ಅರಳಿತು. “ಮತ್ತೆ ಪ್ಲೇಟಾ? ಈ ಸಲ ತಿಂದೋರು ಯಾರು ಮೇಷ್ಟ್ರೇ? ಈ ತಂಗೀನಾ?”

ಅಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ತಾನಲ್ಲ ಎನ್ನಲಿಲ್ಲ. ಮೇಷ್ಟ್ರ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವರಿಗೆ ಸುಲಭವಾಗುತ್ತಿತ್ತೇನೋ.

“ಅವರಲ್ಲ. ನಾನು,” ಎಂದರು ಮೇಷ್ಟ್ರು.

ಮೆಕ್ಯಾನಿಕ್ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ಬಾನೆಟ್ಟಿನ ಮೇಲೆ ಕೈ ಬಡಿದು ನಕ್ಕ. “ಬಿಟ್ರಪ್ಪಾ ಮೇಷ್ಟ್ರು ಒಂದು! ಬೆಳಗಿಂದ ನಕ್ಕಿರ್ಲಿಲ್ಲ ನೋಡಿ.”

ನಗುವ ಮುಖ ಎದುರಿಗೆ ಕಂಡರೆ ಮೇಷ್ಟ್ರ ಮುಖ ತಾನಾಗಿಯೇ ನಗುತ್ತಿತ್ತು. ಎಷ್ಟೋ ವರ್ಷದ ಅಭ್ಯಾಸ. ಈಗಲೂ ನಕ್ಕಿತು. ಅಷ್ಟಕ್ಕೇ ನಿಲ್ಲದೆ, “ಹೌದಪ್ಪಾ, ಮನೇಲಿ ಊಟ ಸಾಲಲ್ಲ, ಅದಕ್ಕೇ,” ಎಂಬ ಮಾತೂ ಹೊರಬಿತ್ತು. ಬಿದ್ದ ಮೇಲೆ ಅದು ಅವರ ಕಿವಿಗೆ ಕೇಳಿಸಿತು. ನಿಜ ಬಾಯಿಂದ ಹೊರಟಿತ್ತು, ಬಾಯೇ ಅದನ್ನು ತಿಂದುಹಾಕಿತ್ತು. ಅಮ್ಮ ಪುಟ್ಟಿಯನ್ನು ಕೆಳಗಿಳಿಸಿ, ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತರು. ಒಳಗೆ ಸ್ಪ್ಯಾನರಿನ ಸದ್ದು. ಪುಟ್ಟಿ ನೆಲದ ಮೇಲಿನ ಎಣ್ಣೆಯ ಕಲೆಯಲ್ಲಿ ಬಣ್ಣ ಹುಡುಕುತ್ತಿದ್ದಳು.

“ನೀವು ನಗಲಿಲ್ಲ,” ಎಂದರು ಮೇಷ್ಟ್ರು.

“ನಗು ಬರಲಿಲ್ಲ ಮೇಷ್ಟ್ರೇ.”

“ನನಗೂ ಬಂದಿರಲಿಲ್ಲ. ಬಾಯಿ ನಗ್ತು.” ಬೂಟಿನ ತುದಿಯನ್ನೇ ನೋಡುತ್ತ ಅಂಚೆ ಕಚೇರಿಯ ಅಕ್ಕನ ವಿಷಯವನ್ನು ಹೇಳಿದರು. ನೆಲ ಡೊಂಕಿನ ಮಾತು, ಠಸ್ಸೆಯ ಮಾತು, ಆಕೆ ತಪ್ಪಾಯ್ತು ಎಂದದ್ದು, ಏನನ್ನೂ ಬಿಡಲಿಲ್ಲ. ಆ ಮಾತುಗಳನ್ನು ಮತ್ತೆ ಆಡುವಾಗ ಕಿವಿಯ ತುದಿಯವರೆಗೂ ಬಿಸಿಯೇರಿತು.

“ಅವರು ನನಗೆ ಗೊತ್ತು,” ಎಂದಳು ಅಮ್ಮ. “ಪಾರ್ಸಲ್ ಹಾಕೋಕೆ ಹೋದಾಗ ಮಾತಾಡ್ತಾರೆ. ‘ನನ್ನ ಕಾಲಿಗೆ ಬುದ್ಧಿ ಇಲ್ಲ ಕಣಮ್ಮಾ, ನೀನಾದ್ರೂ ಬೇಗ ಕಲಿ’ ಅಂದ್ರು. ಕಾರು ಮಾರ್ತಾ ಇದಾರೆ. ನಾಳೆ ಯಾರೋ ನೋಡೋಕೆ ಬರ್ತಾರಂತೆ. ಅವರ ಯಜಮಾನ್ರು ಬಸ್ಸಿನ ಮೆಟ್ಟಿಲು ಕಾಣದೆ ಮೊನ್ನೆ ಮೊಣಕಾಲು ತರಚಿಕೊಂಡಿದ್ರು.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಭೂಮಿ ಬಾಯಿಬಿಡಬಾರದೇ ಎನ್ನುವುದು ಸುಮ್ಮನೆ ಆಡುವ ಮಾತೆಂದು ಇಷ್ಟು ದಿನ ತಿಳಿದಿದ್ದರು.

“ಫೋನ್ ಮಾಡಿ ಹೇಳಿಬಿಡ್ಲಾ?”

“ಬೈದದ್ದು ನಾಲ್ಕು ಜನರ ಮುಂದೆ. ತಪ್ಪು ಒಪ್ಕೊಳ್ಳೋದು ಫೋನಲ್ಲಾ?” ಎಂದಳು. ಮಗುವಿಗೆ ಹಾಲು ಕುಡಿ ಎನ್ನುವಷ್ಟೇ ಮೆತ್ತಗೆ ಎಂದಳು. “ಕಚೇರಿ ಇನ್ನೂ ಮುಚ್ಚಿಲ್ಲ. ನಡ್ಕೊಂಡು ಹೋದ್ರೂ ಸಿಗ್ತಾರೆ. ಪೆಡಲ್ಲು ಮೇಲೆ ಬಂದಿದ್ದನ್ನ ನಾನೂ ಕಂಡಿದೀನಿ. ಬೇಕಿದ್ರೆ ನಾನೇ ಹೇಳ್ತೀನಿ.”

ಮೇಷ್ಟ್ರು ಎದ್ದರು. ಅಂಗಿಯನ್ನು ಎಳೆದು ಸರಿಮಾಡಿಕೊಂಡರು. ಎರಡು ಹೆಜ್ಜೆ ಇಟ್ಟು ತಿರುಗಿ ಬಂದು ಮತ್ತೆ ಕೂತರು. ಶನಿವಾರದ ಆ ಹೊತ್ತಿನಲ್ಲಿ ಕೌಂಟರಿನ ಮುಂದೆ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ಅವರ ಬಳಿ ಕಲಿತವರೂ ಇರುತ್ತಾರೆ. ಹಾಫ್ ಕ್ಲಚ್ ಮೇಷ್ಟ್ರು ಬಂದರೆಂದು ಅವರು ಆಗಲೇ ನಗಲು ತಯಾರಾಗಿರುತ್ತಾರೆ.

“ನೀವು ಹೇಳೋದು ಬೇಡ ತಾಯಿ. ನಾನೇ ಹೇಳ್ಬೇಕು,” ಎಂದರು, ಅವಳ ಮುಖ ನೋಡಲಾರದೆ ಪುಟ್ಟಿಯ ನೆತ್ತಿಯನ್ನೇ ನೋಡುತ್ತ. “ಬೇರೆ ಒಂದು ಉಪಕಾರ ಮಾಡಿ. ಸುಮ್ನೆ ನನ್ನ ಪಕ್ಕದಲ್ಲಿ ಬಂದು ನಿಂತ್ಕೊಳ್ಳಿ. ಅಲ್ಲಿ ನಾನು ತಮಾಷೆ ಶುರು ಮಾಡ್ತೀನಿ, ನನಗೆ ಗೊತ್ತು. ಮಾಡಿದ್ರೆ ಹಿರಿಯರು ಅಂತ ನೋಡ್ಬೇಡಿ. ಅಷ್ಟು ಜನರ ಮುಂದೇನೇ ‘ಮೇಷ್ಟ್ರೇ, ಸರಿಯಾಗಿ ಹೇಳಿ’ ಅಂತ ಗದರಿಸಿಬಿಡಿ.”