ತಟ್ಟೆಯ ಮೇಲೆ ಬಿದ್ದ ಉಸಿರು

ಅರ್ಜುನನಿಗೆ ಗಾಂಡೀವ ಹೇಗೋ, ವಾಲ್ಡೆನ್‌ಬುರ್ಗ್ ಕಣಿವೆಯ ಟ್ರೂಡಿ ಚೋಪ್‌ಗೆ ಹೊಳಪು ಕೊಡುವ ಚಕ್ರ ಹಾಗೆ. ಮೂವತ್ತೊಂದು ವರ್ಷ ಅದರ ಮುಂದೆ ಕೂತು ಕೈಗಡಿಯಾರದ ಕವಚಗಳನ್ನು ಉಜ್ಜಿದವಳು ಆಕೆ. ಟ್ರೂಡಿ ಉಜ್ಜಿದ ಕವಚವನ್ನು ನೋಡಿಕೊಂಡು ಪಾದ್ರಿಗಳು ಗಡ್ಡ ಬೋಳಿಸಿಕೊಳ್ಳಬಹುದು ಎಂದು ಊರವರು ಹೇಳುತ್ತಿದ್ದರು. ಪಾದ್ರಿಗಳ ಬಳಿ ಅಂಥ ಗಡಿಯಾರ ಇರಲಿಲ್ಲವಾದ್ದರಿಂದ ಮಾತು ಸಾಬೀತಾಗಲಿಲ್ಲ.

ಉಜ್ಜಿ ಮುಗಿದ ಮೇಲೆ ಕೊನೆಯ ಪರೀಕ್ಷೆಯೊಂದಿತ್ತು. ಕವಚವನ್ನು ದೀಪಕ್ಕೆ ಹಿಡಿದು 'ಹಾ' ಎಂದು ಉಸಿರು ಬಿಡುವುದು. ಕಟ್ಟಿದ ಮಂಜು ಸಮನಾಗಿ ಆರಿದರೆ ಕೆಲಸ ಸರಿ. ಎಲ್ಲಾದರೂ ತಡೆದು ನಿಂತರೆ ಅಲ್ಲೊಂದು ಗೀರು ಅವಿತಿದೆ. ಆ ಕಣಿವೆಯ ಹೊಳಪಿನ ಕೆಲಸದವರೆಲ್ಲ ಮಾಡುತ್ತಿದ್ದುದು ಹೀಗೇ.

ಗಡಿಯಾರದ ಕಾರ್ಖಾನೆ ಬಾಗಿಲು ಹಾಕಿದಾಗ ಆಕೆಗೆ ಐವತ್ತೆರಡು. ಸಿಕ್ಕಿದ್ದು ಒಂದೇ ಕೆಲಸ, ಹಲ್ಲು ಬಿದ್ದವರ ದವಡೆಗೆ ಹಾಕುವ ಟೈಟಾನಿಯಂ ಸ್ಕ್ರೂಗಳ ಕಾರ್ಯಾಗಾರದಲ್ಲಿ. ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವ ಮಾತು. ಮೊದಲ ದಿನವೇ ಆಕೆ ಮಹಾಪಾತಕವೊಂದನ್ನು ಕಂಡಳು. ಕನ್ನಡಿಯಂಥ ಸ್ಕ್ರೂಗಳ ಮೇಲೆ ಒರಟು ಮರಳು ಸಿಡಿಸಿ, ಕಾದ ಆಸಿಡ್‌ನಲ್ಲಿ ಅದ್ದಿ, ಬೂದಿ ಬಣ್ಣಕ್ಕೆ ಇಳಿಸುತ್ತಿದ್ದರು.

"ಅಯ್ಯೋ, ಹಾಳು ಮಾಡ್ತಿದ್ದೀರಲ್ರೀ!"

ಮೇಲ್ವಿಚಾರಕ ಕಾಸ್ಪರ್ ನಕ್ಕ. ಆಕೆಯ ಮಗನ ವಯಸ್ಸಿನವನು. "ಟ್ರೂಡಿಯವ್ರೇ, ಗಾಜಿಗೆ ಬಳ್ಳಿ ಹತ್ತುತ್ತಾ? ಕಲ್ಲುಗೋಡೆಗೆ ಹತ್ತುತ್ತೆ. ಮೂಳೆನೂ ಹಂಗೇ. ತಗ್ಗು ದಿಣ್ಣೆ ಸಿಕ್ಕಿದ್ರೇನೇ ಬೆಳ್ಕೊಂಡು ಬಂದು ಹಿಡ್ಕೊಳ್ಳೋದು."

"ಮುಪ್ಪಿನಲ್ಲಿ ನನ್ನ ಕೈಲಿ ಗಲೀಜು ಕೆಲಸ ಮಾಡಿಸ್ತೀರಿ ಅನ್ನಿ."

"ಗಲೀಜಲ್ಲ, ಒರಟು. ಗಲೀಜನ್ನ ಮೂಳೆ ಹತ್ತಿರಾನೂ ಸೇರ್ಸಲ್ಲ. ಬೆರಳಿನ ಜಿಡ್ಡು ತಾಗಿದ್ರೂ ಮುನಿಸ್ಕೊಳ್ಳುತ್ತೆ."

ಕೆಲಸ ಕಲಿತ ಮೇಲೆ ಆಕೆಯನ್ನು ಕೊನೆಯ ತೊಳೆಯುವ ಕೋಣೆಗೆ ಹಾಕಿದರು. ಅಲ್ಲಿ ಮೂರು ವಾರ ಕಳೆಯಿತು. ಮೂರು ತಿಂಗಳು ತುಂಬುವ ಶುಕ್ರವಾರ ತೀರ್ಮಾನದ ದಿನ ಎನ್ನುವಾಗ, ಮಂಗಳವಾರ ಬೆಳಗ್ಗೆ, ಒಂಬತ್ತು ಗಂಟೆಯ ಬ್ರೆಡ್ಡು ಚೀಸು ಮುಗಿಸಿ ಬಂದು, ತೊಳೆದ ನಲವತ್ತು ಸ್ಕ್ರೂಗಳ ತಟ್ಟೆಯನ್ನು ದೀಪಕ್ಕೆ ಹಿಡಿದಳು. ಕನ್ನಡಕ ಮಬ್ಬಾಗುತ್ತದೆಂದು ಮುಖಗವಸನ್ನು ಗದ್ದಕ್ಕೆ ಇಳಿಸಿಕೊಂಡಿದ್ದಳು. ಮೂವತ್ತೊಂದು ವರ್ಷದ ಅಭ್ಯಾಸ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಬಂತು.

"ಹಾ."

ಯಾರೂ ನೋಡಲಿಲ್ಲ. ಸ್ಕ್ರೂಗಳು ಮೊದಲಿನಂತೆಯೇ ಬೂದಿ ಮುಖ ಹಾಕಿಕೊಂಡು ಕೂತಿದ್ದವು. ಟ್ರೂಡಿಯ ಎದೆಯೊಳಗೆ ಮಾತ್ರ ಹದಿನೆಂಟು ಅಕ್ಷೌಹಿಣಿ ಸೈನ್ಯ ಎದುರುಬದುರಾಗಿ ನಿಂತಿತು. ಹೇಳಿದರೆ ಶುಕ್ರವಾರ ಮನೆಗೆ. ಈ ವಯಸ್ಸಿನಲ್ಲಿ ಈ ಕಣಿವೆಯಲ್ಲಿ ಮತ್ತೆ ಯಾರು ಕರೆದು ಕೆಲಸ ಕೊಡುತ್ತಾರೆ? ಹೇಳದಿದ್ದರೆ? ಗಡಿಯಾರದ ಗೀರನ್ನು ಕೊಂಡವನು ಕಂಡು ಬೈಯುತ್ತಾನೆ, ಅಲ್ಲಿಗೆ ಮುಗಿಯಿತು. ಇದು ದವಡೆಯೊಳಗೆ ಹೋಗಿ ಕೂರುವಂಥದು. ಸಡಿಲವಾದರೆ ಯಾವನೋ ಮುದುಕ ತನ್ನ ಮೂಳೆಯನ್ನೇ ಬೈದುಕೊಂಡು ಗಂಜಿ ಕುಡಿಯುತ್ತಾನೆ.

ಪಕ್ಕದ ಮೇಜಿನ ರೆಗುಲಾಳ ಕಿವಿಯಲ್ಲಿ ಉಸುರಿದಳು.

"ನುಂಗ್ಕೊಂಡು ಸುಮ್ನಿರು ಮಾರಾಯ್ತಿ," ಎಂದಳು ರೆಗುಲಾ. "ಮುಂದೆ ಹೇಗೂ ಕಿರಣ ಹಾಯಿಸಿ ಕ್ರಿಮಿ ಕೊಲ್ತಾರೆ."

"ಕ್ರಿಮಿ ಸಾಯುತ್ತೆ. ನನ್ನ ಚೀಸಿನ ಜಿಡ್ಡು ಸಾಯುತ್ತಾ?"

"ನೀನು ತಿನ್ನೋ ಚೀಸು ಯಾವ ಕಿರಣಕ್ಕೂ ಸಾಯಲ್ಲ ಬಿಡು."

ಟ್ರೂಡಿ ತಟ್ಟೆಯನ್ನೆತ್ತಿಕೊಂಡು ಕಾಸ್ಪರನ ಬಳಿ ಹೋಗಿ ಎಲ್ಲ ಹೇಳಿದಳು. ಅವನು ತಟ್ಟೆಯನ್ನು ಬದಿಗಿಟ್ಟು ಕೇಳಿದ: "ಇದೊಂದೇ ಸಲಾನಾ?"

'ಹೌದು' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನಲವತ್ತು ಸ್ಕ್ರೂ ಹೋದರೆ ತಲೆ ಉಳಿಯುತ್ತದೆ. ಆದರೆ ಅಭ್ಯಾಸವೆಂಬುದು ಹೇಳಿ ಕೇಳಿ ಬರುವ ನೆಂಟನೇ?

"ಗೊತ್ತಿಲ್ಲ," ಎಂದಳು. "ಇವತ್ತು ನನ್ನ ಕಿವಿಗೇ ಕೇಳಿಸ್ತು. ಕೇಳಿಸದೆ ಎಷ್ಟು ಸಲ ಆಗಿದೆಯೋ."

ಮೂರು ವಾರ ಆಕೆ ತೊಳೆದ ತಟ್ಟೆಗಳೆಲ್ಲ ಪುಣ್ಯಕ್ಕೆ ಇನ್ನೂ ಉಗ್ರಾಣದಲ್ಲೇ ಇದ್ದವು. ತಗ್ಗುಗಳಲ್ಲಿ ಒಣಗಿ ಕೂತ ಜಿಡ್ಡು ಮತ್ತೆ ತೊಳೆದರೂ ಹೋಗುತ್ತದೆಂಬ ಭರವಸೆಯಿರಲಿಲ್ಲ. ಎರಡು ಸಾವಿರಕ್ಕೂ ಮೇಲ್ಪಟ್ಟ ಸ್ಕ್ರೂಗಳನ್ನು ಕಾಸ್ಪರ್ ತಾನೇ ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಗುಜರಿಗೆ ಸುರಿದ. ಸದ್ದು ಕೇಳಿ ಇಡೀ ಕಾರ್ಯಾಗಾರ ಕಿಟಕಿಗೆ ಬಂತು.

"ಬಿರುಗಾಳಿನೂ ಇಷ್ಟು ನಷ್ಟ ಮಾಡಿಲ್ಲ ಕಣೇ, ನಿನ್ನ ಉಸಿರು ಮಾಡ್ತು!" ಎಂದಳು ರೆಗುಲಾ.

ಶುಕ್ರವಾರ ಕಾಸ್ಪರ್ ಕರೆಸಿದ. "ತೊಳೆಯೋ ಕೋಣೆಗೆ ನೀವಿನ್ನು ಕಾಲಿಡೋ ಹಾಗಿಲ್ಲ."

"ಸರಿ," ಎಂದು ಟ್ರೂಡಿ ನಿಲುವಂಗಿ ಬಿಚ್ಚಿ ಮಡಚಿಟ್ಟು ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ ಹೊರಟ್ರಿ? ಸೋಮವಾರದಿಂದ ಮರಳು ಸಿಡಿಸೋ ಪೆಟ್ಟಿಗೆ ಹತ್ರ ಕೂತ್ಕೊಳ್ಳಿ. ಅದಾದ ಮೇಲೆ ಹೇಗೂ ಆಸಿಡ್ಡು, ತೊಳೆಯೋದು, ಎಲ್ಲಾ ಇದೆ. ಎಷ್ಟು ಬೇಕಾದ್ರೂ ಉಸಿರಾಡಿ."

"ಮನೆಗೆ ಕಳಿಸಲ್ವಾ?"

"ಒಂದೇ ಸಲ ಅಂದಿದ್ರೆ ನಾನು ನಂಬಿಬಿಡ್ತಿದ್ದೆ, ಟ್ರೂಡಿಯವ್ರೇ. ಅದನ್ನ ನೆನೆಸ್ಕೊಂಡ್ರೇನೇ ಮೂರು ದಿನದಿಂದ ಭಯ."

ಸೋಮವಾರ ಟ್ರೂಡಿ ಪೆಟ್ಟಿಗೆಯ ಗವಸುಗಳೊಳಗೆ ಕೈ ತೂರಿಸಿ ಮೊದಲ ಸ್ಕ್ರೂವಿಗೆ ಮರಳು ಸಿಡಿಸಿ, ಭೂತಗನ್ನಡಿಯಲ್ಲಿ ನೋಡಿದಳು. ಮೂರನೆಯ ಸುತ್ತಿನ ಅಡಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಜಾಗವೊಂದು ಮರಳಿಗೆ ಸಿಗದೆ ಥಳಥಳ ಹೊಳೆಯುತ್ತಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಆಕೆಯನ್ನು ಕೇಳಿದರೆ, ಇಡೀ ಸ್ಕ್ರೂವಿನಲ್ಲಿ ಚೆಂದವಾಗಿದ್ದುದು ಅದೊಂದೇ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು.

ಆಮೇಲೆ ಮರಳು ಸಿಡಿಸುವ ಕೊಳವೆಯ ಮೂತಿಯನ್ನು ಅದರ ಕಡೆಗೇ ತಿರುಗಿಸಿದಳು.