ಬೆಂಚಿನ ತುದಿಯವನಿಗೆ ಸಿಳ್ಳೆ

ಸೌದಿಯ ದಮ್ಮಾಮಿನಲ್ಲಿ ಮಗಳ ಫ್ಲ್ಯಾಟ್‌ನಲ್ಲಿದ್ದಾಗ ಟಿವಿಯೇ ನನ್ನ ಕಂಪನಿ. ಹಾಗೆ ಜಪಾನಿನ ಫುಟ್‌ಬಾಲ್ ಕ್ಲಬ್ಬೊಂದರ ಬದಲಿ ಆಟಗಾರನೊಬ್ಬನ ಫ್ಯಾನ್ ಆದೆ. ಬೆಂಚಿನ ತುದಿಯಲ್ಲಿ ಕೂತೇ ಇರುತ್ತಿದ್ದ, ಸಚ್ ಎ ಪೇಷೆಂಟ್ ಬಾಯ್.

ಒಮ್ಮೆ ಆ ಕ್ಲಬ್ಬು ನಮ್ಮ ಬಿಲ್ಡಿಂಗಿನ ಹಿಂದಿನ ಸ್ಟೇಡಿಯಂಗೇ ಆಡಲು ಬಂತು. ಆಗ ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗೆಳೆಯರ ಜೊತೆ ಮ್ಯಾಚಿಗೆ ಹೊರಟು ನಿಂತ ಅಳಿಯ ನಕ್ಕ. "ಅವರ ಕ್ಯಾಪ್ಟನ್‌ಗಾದ್ರೆ ಇಲ್ಲಿಯವರು ಸಿಳ್ಳೆ ಹೊಡೆದು ಹೀಯಾಳಿಸ್ತಾರೆ ಮಾಮಿ, ಅವನೆಂದರೆ ಹೆದರಿಕೆ ಉಂಟಲ್ಲ. ನಿಮ್ಮವನಿಗೆ ಬೈಯುವವರೂ ಇಲ್ಲ ಮಾರಾಯ್ರೆ!"

ಮಗಳು ಡ್ಯೂಟಿಯಲ್ಲಿದ್ದಳು. ಕಿಟಕಿ ತೆರೆದು ಟಿವಿ ಮುಂದೆ ಕೂತೆ. ಸದ್ದು ಕಿಟಕಿಗೆ ಮೊದಲು, ಚಿತ್ರ ಟಿವಿಗೆ ಆಮೇಲೆ ಬರುತ್ತಿತ್ತು. ಕ್ಯಾಪ್ಟನ್ ಚೆಂಡು ಮುಟ್ಟಿದಾಗಲೆಲ್ಲ ಸಿಳ್ಳೆ. ಕೊನೆಯ ಹತ್ತು ನಿಮಿಷಕ್ಕೆ ನನ್ನವನು ಮೈದಾನಕ್ಕಿಳಿದಾಗ ಕಿಟಕಿ ಸುಮ್ಮನಿತ್ತು. ಒಬ್ಬನಾದರೂ ಬೈಯಬಾರದೇ ಅನ್ನಿಸಿತು. ಕಾನ್ವೆಂಟಿನಲ್ಲಿ ಕಲಿತವಳು ಬೈಗುಳಕ್ಕೆ ಕಾಯುವುದೇ!

ಒಮ್ಮೆಲೇ ಕಿವಿಗಡಚಿಕ್ಕುವ ಸಿಳ್ಳೆ. ಯಾರಿಗೆ? ಉಸಿರು ಹಿಡಿದು ಟಿವಿ ನೋಡಿದೆ. ನನ್ನವನೇ! ಚೆಂಡಿನೊಂದಿಗೆ ಇಬ್ಬರನ್ನು ದಾಟಿ ಓಡುತ್ತಿದ್ದ. ಗೋಲಾಗಲಿಲ್ಲ. "ಕೇಳಿದೆಯಾ?" ಎಂದು ತಿರುಗಿದರೆ ಸೋಫಾ ಖಾಲಿ.

ಅಳಿಯ ಬಂದೊಡನೆ ಕೇಳಿದೆ, "ನನ್ನವನಿಗೆ ಸಿಳ್ಳೆ ಬಿತ್ತಲ್ಲ?"

"ನಾವು ಮ್ಯಾಚ್ ಮುಗಿಯುವ ಮೊದಲೇ ಎದ್ದು ಚಾಯ ಕುಡಿಯಲಿಕ್ಕೆ ಹೋದೆವು ಮಾಮಿ. ಎಂತ, ಆಡಿದನಾ ಅವನು?"

"ಆಡಿದ," ಎಂದು ಕಿಟಕಿ ಮುಚ್ಚಿದೆ.