ಗಾಡಿಗೆ ಜಾತಕ ಬರೆಸಿದ್ದು

ಅಪ್ಪ ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಕೇಳದೆ ಯಲಹಂಕದ ಶೋರೂಮಿಗೆ ಹೋಗಿ ಹೊಸ ಮೋಟರ್‌ಸೈಕಲ್ ಬುಕ್ ಮಾಡಿ ಬಂದ. ಹಳೆಯದು ಗುಜರಿಗೆ ಹೋಗಿ ಆಗಷ್ಟೇ ಒಂದು ವಾರವಾಗಿತ್ತು. ಆ ಒಂದು ವಾರ ನಾನು ನೆಮ್ಮದಿಯಾಗಿದ್ದೆ. ಕೆಂಪಾಪುರದ ನಮ್ಮ ಮನೆಯಿಂದ ಊರೊಳಗೆ ಹೋಗಬೇಕೆಂದರೆ ಹೆಬ್ಬಾಳದ ಮೇಲ್ಸೇತುವೆ ಹತ್ತಬೇಕು. ಯಲಹಂಕದ ಕಡೆಗಾದರೆ ವಿಮಾನಕ್ಕೆ ತಡವಾದ ಟ್ಯಾಕ್ಸಿಗಳ ನಡುವೆ ನುಗ್ಗಬೇಕು. ಅಪ್ಪನ ಎಡಗಣ್ಣಿನ ಪೊರೆ ತೆಗೆಸಿದ್ದಾಗಿತ್ತು, ಬಲಗಣ್ಣಿನದು ಬಾಕಿಯಿತ್ತು. ಅವನು ಗಾಡಿ ತೆಗೆದುಕೊಂಡು ಹೊರಟರೆ ವಾಪಸ್ ಬರುವ ತನಕ ಅಮ್ಮ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಾ ನಿಲ್ಲುತ್ತಿದ್ದಳು. ಅಷ್ಟು ನೀರು ಕುಡಿದು ನಮ್ಮ ದಾಸವಾಳ ಕೊಳೆತೇ ಹೋಯಿತು. ಇನ್ನು ಅಪ್ಪ ಗಾಡಿ ಓಡಿಸುವುದು ಬೇಡ ಎಂದು ನನ್ನ ಮನಸ್ಸಿನಲ್ಲಿತ್ತು. ಅದನ್ನು ಹೇಳುವ ಧೈರ್ಯ ಇರಲಿಲ್ಲ.

ನಮ್ಮ ಮನೆಯಲ್ಲಿ ಕೆಲವು ಮಾತುಗಳನ್ನು ಆಡುವಂತಿಲ್ಲ. ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರೆ, ನಾವಾಡಿದ ಕೆಟ್ಟ ಮಾತಿಗೂ ‘ಅಸ್ತು’ ಅಂದುಬಿಡುತ್ತಾರೆ ಎಂದು ಅಮ್ಮ ನಂಬಿದ್ದಾಳೆ. ಹಾಗಾಗಿ ನಮ್ಮಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಅಪ್ಪನೋ ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೇರಿಂಗ್ ಪರೀಕ್ಷೆ ಮಾಡಿದವನು. ಅವನ ಕಣ್ಣಿಗೆ ಬಿದ್ದ ಪ್ರತಿ ವಸ್ತುವಿಗೂ ಒಂದು ‘ಲೈಫ್’ ಇರುತ್ತದೆ. ಹಲ್ಲುಜ್ಜುವ ಬ್ರಷ್ಷು, ಚಪ್ಪಲಿ, ಸೀಲಿಂಗ್ ಫ್ಯಾನು, ಎಲ್ಲವನ್ನೂ ತಿರುಗಿಸಿ ನೋಡಿ ‘ಇದಕ್ಕೆ ಲೈಫ್ ಇಲ್ಲ’ ಅನ್ನುತ್ತಾನೆ. ‘ಬಿಡ್ತು ಅನ್ರೀ’ ಎಂದು ಅಮ್ಮ ಗದರುತ್ತಾಳೆ. ಮದುವೆಯಾದಾಗಿನಿಂದ ಇದು ನಡೆದಿದೆ.

ಅಪ್ಪ ತಂದ ಬ್ರೋಷರನ್ನು ಊಟದ ಮೇಜಿನ ಮೇಲೆ ಹರಡಿದ. ಕಂಪನಿಯವರೇ ಐದು ವರ್ಷದ ವಾರಂಟಿ ಕೊಡುತ್ತಾರೆ. ಬೇಕೆಂದರೆ ಇನ್ನೂ ಐದು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು. ಶುಕ್ರವಾರ ಗಾಡಿ ಕೊಡುತ್ತಾರೆ, ಅಷ್ಟರೊಳಗೆ ಹೇಳಬೇಕು. ಒಟ್ಟು ಹತ್ತು ವರ್ಷ. ಮೂವರೂ ಮನಸ್ಸಿನಲ್ಲೇ ಒಂದೇ ಕೂಡುವ ಲೆಕ್ಕ ಮಾಡಿದೆವು. ಅಮ್ಮ ಎದ್ದು ಹೋಗಿ, ಇನ್ನೂ ಅರ್ಧ ತುಂಬಿದ್ದ ಸಾರಿನ ಪಾತ್ರೆಗೆ ಮತ್ತಷ್ಟು ಸಾರು ಸುರಿದುಕೊಂಡು ಬಂದಳು.

‘ತಗೊಳ್ಳಿ. ಬೇಡ ಅಂದ್ರೆ ಏನರ್ಥ?’ ಎಂದಳು.

ಏನರ್ಥ ಎಂದು ಬಿಡಿಸಿ ಹೇಳಲಿಲ್ಲ. ನನಗಂತೂ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ತಗೋ ಅಂದರೆ, ಎಂಬತ್ತೊಂದರ ತನಕ ಹೆಬ್ಬಾಳದ ಸೇತುವೆ ಮೇಲೆ ಓಡಾಡು ಎಂದು ನಾನೇ ಅಪ್ಪಣೆ ಕೊಟ್ಟ ಹಾಗೆ. ಬೇಡ ಅಂದರೆ, ಹೆತ್ತ ಅಪ್ಪನ ಆಯಸ್ಸಿಗೆ ಟೇಪು ಹಿಡಿದ ಮಗಳು ಎನಿಸಿಕೊಳ್ಳಬೇಕು. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

‘ಈಗಿನ ಇಂಜಿನ್‌ಗಳು ಕೆಡೋದೇ ಇಲ್ಲ ಕಣಪ್ಪಾ. ಸುಮ್ನೆ ಯಾಕೆ?’

‘ಹೌದು, ಒಳ್ಳೇ ಇಂಜಿನ್ನು. ಲೈಫ್ ಬರುತ್ತೆ’ ಎಂದ ಅಪ್ಪ.

‘ಕ್ರ್ಯಾಂಕ್ ಶಾಫ್ಟ್ ಹೋದ್ರೆ?’ ಎಂದಳು ಅಮ್ಮ.

ನಲವತ್ತೈದು ವರ್ಷ ಅಪ್ಪನ ಹಿಂದೆ ಕೂತರೂ ಪೆಟ್ರೋಲ್ ಎಲ್ಲಿ ಹಾಕುತ್ತಾರೆ ಎಂದು ಗಮನಿಸದ ಹೆಂಗಸು ಇವಳು. ಬ್ರೋಷರಿನ ಹಿಂಬದಿ ಓದಿದ್ದಳು. ನನಗೂ ಹಟ ಬಂತು. ಹೋಗಲ್ಲ ಎಂದೆ. ಹೋಗುತ್ತೆ ಎಂದಳು. ಮಂಗಳವಾರ, ಬುಧವಾರ ಇದೇ ಕಥೆ. ‘ನೋಡ್ತಿರು, ಎಂಟನೇ ವರ್ಷಕ್ಕೆ ಕಟ್ ಅಂತ ಮುರಿಯುತ್ತೆ!’ ಎಂದು ಒಮ್ಮೆ ಕೂಗಿಯೇಬಿಟ್ಟಳು. ತಕ್ಷಣ ಗಾಬರಿಯಾಗಿ ಬಿಡ್ತು ಬಿಡ್ತು ಎಂದು ಕೆನ್ನೆ ಬಡಿದುಕೊಂಡಳು. ಗಂಡನ ಆಯಸ್ಸು ಹೆಚ್ಚಲೆಂದು ಹೊಸ ಗಾಡಿಗೆ ಶಾಪ ಹಾಕುತ್ತಿದ್ದಳು, ಪಾಪ.

ಗುರುವಾರ ಬೆಳಿಗ್ಗೆ ಅಮ್ಮ ನಮ್ಮ ಪುರೋಹಿತರಿಗೆ ಫೋನ್ ಮಾಡಿದಳು. ನೆಪ ಗಾಡಿ ತರುವ ಮುಹೂರ್ತದ್ದು. ಫೋನು ಸ್ಪೀಕರಿನಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಮುಹೂರ್ತ ಕೇಳಿಯಾದ ಮೇಲೆ ದನಿ ತಗ್ಗಿಸಿ, ‘ಇನ್ನು ಹತ್ತು ವರ್ಷ ಏನೂ ತೊಂದ್ರೆ ಇಲ್ವಾ, ನೋಡ್ತೀರಾ?’ ಎಂದಳು.

‘ಆಯಸ್ಸು ಕೇಳ್ತಿರೋದು ಗಾಡಿದೋ, ಯಜಮಾನ್ರದೋ ತಾಯಿ?’

‘ಬಿಡ್ತು ಅನ್ನಿ! ಗಾಡಿದು, ಗಾಡಿದು.’

‘ಹಂಗಾದ್ರೆ ಅದು ಹುಟ್ಟಿದ ಗಳಿಗೆ ಬೇಕಲ್ಲ.’

ಪುರೋಹಿತರು ತಮಾಷೆ ಮಾಡುತ್ತಿರಲಿಲ್ಲ. ಅಮ್ಮನೂ ತಮಾಷೆ ಎಂದುಕೊಳ್ಳಲಿಲ್ಲ. ಅಪ್ಪನಿಂದ ಶೋರೂಮಿಗೆ ಫೋನ್ ಮಾಡಿಸಿದಳು. ಅಲ್ಲಿನ ಹುಡುಗಿ ಗಾಡಿಯ ಮೇಲಿನ ಚೀಟಿ ನೋಡಿ ತಯಾರಾದ ತಿಂಗಳು ಹೇಳಿದಳು. ದಿನ, ಗಂಟೆ ಕೇಳಿದಾಗ, ‘ಫ್ಯಾಕ್ಟರಿಗೆ ಮೇಲ್ ಹಾಕ್ಬೇಕು ಸರ್’ ಎಂದಳಂತೆ. ಕಡೆಗೆ ಪುರೋಹಿತರೇ ದೊಡ್ಡ ಮನಸ್ಸು ಮಾಡಿ ಬುಕ್ ಮಾಡಿದ ಗಳಿಗೆಯನ್ನೇ ಹುಟ್ಟಿದ ಗಳಿಗೆ ಎಂದು ಹಿಡಿದು ಕುಂಡಲಿ ಹಾಕಿದರು. ಮಧ್ಯಾಹ್ನ ಫಲ ಬಂತು. ಗಾಡಿಯದು ದೀರ್ಘಾಯುಷ್ಯದ ಜಾತಕ. ಅಷ್ಟಮದಲ್ಲಿ ಶನಿ ಇರುವುದರಿಂದ ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ.

‘ಮತ್ತೆ ವಾರಂಟಿ ಯಾಕೆ? ಜಾತಕದಲ್ಲೇ ಇದೆಯಲ್ಲ’ ಎಂದ ಅಪ್ಪ.

ಅಮ್ಮ ಸಂಜೆಯವರೆಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದಳು. ನನಗೆ ನಗು ಬಂದಿತ್ತು, ಆದರೆ ಅವಳ ಮುಖ ನೋಡಿ ತಡೆದುಕೊಂಡೆ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಗಾಡಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ನಿಲ್ಲಿಸಿದ್ದರು. ಫೋನಿನಲ್ಲಿ ತಿಂಗಳು ಹೇಳಿದ್ದ ಹುಡುಗಿಯೇ ಕಾಗದಗಳನ್ನು ತಂದಳು.

‘ಸರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಲಾ? ಹತ್ತು ವರ್ಷ ಆರಾಮಾಗಿರ್ತೀರ.’

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ‘ಮಧ್ಯದಲ್ಲಿ ನಾನು ಹೋಗ್ಬಿಟ್ರೆ?’ ಎಂದ.

ಅಮ್ಮನ ಬಾಯಿಂದ ‘ಬಿಡ್ತು’ ಕೂಡ ಹೊರಡಲಿಲ್ಲ. ನಾನು ನಿಂಬೆಹಣ್ಣು ನೋಡುತ್ತಾ ನಿಂತೆ.

ಹುಡುಗಿ ಮಾತ್ರ ಹುಬ್ಬು ಅಲುಗಿಸಲಿಲ್ಲ. ‘ಏನೂ ತೊಂದ್ರೆ ಇಲ್ಲ ಸರ್. ವಾರಂಟಿ ಗಾಡಿಗೆ, ಓನರ್‌ಗಲ್ಲ. ಆರ್‌ಸಿ ಟ್ರಾನ್ಸ್‌ಫರ್ ಮಾಡಿಸ್ಕೊಂಡ್ರೆ ಮುಂದಿನವ್ರಿಗೆ ಬರುತ್ತೆ.’

ನಾಲ್ಕು ದಿನ ನಾವು ಮೂವರೂ ಸುತ್ತಿ ಬಳಸಿ ತಪ್ಪಿಸಿಕೊಂಡಿದ್ದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿ ಪೆನ್ನು ಮುಂದೆ ಹಿಡಿದಳು. ಅಪ್ಪ ನನ್ನ ಕಡೆ ತಿರುಗಿದ.

‘ನೀನು ಓಡಿಸ್ತೀಯಾ?’

ಕಾಲೇಜಿಗೆ ಹೋಗುವಾಗ ಅವನೇ ನನಗೆ ಗೇರ್ ಹಾಕುವುದನ್ನು ಕಲಿಸಿದ್ದ. ‘ಓಡಿಸ್ತೀನಿ’ ಎಂದೆ.

‘ಹಾಕಮ್ಮ’ ಎಂದು ಸಹಿ ಮಾಡಿದ. ಕೀಲಿಯನ್ನು ನನ್ನ ಕೈಗಿಟ್ಟ. ‘ಈಗ್ಲೇ ಓಡ್ಸು. ಕೈ ಕೂರ್ಲಿ.’

ಅಮ್ಮ ಪೂಜೆಯ ತಟ್ಟೆ ಹಿಡಿದು ಆಟೋ ಹತ್ತಿದಳು. ಅಪ್ಪ ನನ್ನ ಹಿಂದೆ ಕೂತ. ಹ್ಯಾಂಡಲ್ಲಿನ ಹಾರ ಎಲ್ಲಿ ಚಕ್ರಕ್ಕೆ ಸಿಕ್ಕಿಕೊಳ್ಳುವುದೋ ಎಂದು ಹೆದರಿ ನಡೆಯುವ ವೇಗದಲ್ಲಿ ಹೊರಟೆ. ಜಕ್ಕೂರು ದಾಟಿ ಸರ್ವೀಸ್ ರಸ್ತೆಗೆ ಇಳಿದ ಮೇಲೆ ಅಪ್ಪ ನನ್ನ ಹೆಲ್ಮೆಟ್ಟಿನ ಪಕ್ಕ ಬಾಗಿದ.

‘ಹಳೇ ಗಾಡಿ ಗುಜರಿಗೆ ಹೋದ ದಿನಾನೇ ಬಿಟ್ಬಿಡೋಣ ಅಂದ್ಕೊಂಡಿದ್ದೆ ಕಣೆ. ಬಲಗಡೆಯಿಂದ ಬರೋದು ಏನೂ ಕಾಣಲ್ಲ.’

‘ಮತ್ತೆ ಬುಕ್ ಯಾಕೆ ಮಾಡ್ದೆ?’

‘ಬಿಟ್ರೆ, ಅಪ್ಪನ ಕಥೆ ಮುಗೀತು ಅಂತ ನೀವಿಬ್ರೂ ಹೆದರ್ಕೋತೀರಲ್ಲ.’

ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಮೈಯೆಲ್ಲ ಸಿಟ್ಟು. ಮೂವರಿಗೂ ಬೇಡವಾಗಿದ್ದ ಗಾಡಿಗೆ ಜಾತಕ ಬರೆಸಿ, ಹಾರ ಹಾಕಿ, ಹತ್ತು ವರ್ಷಕ್ಕೆ ವಾರಂಟಿ ಬೇರೆ ಮಾಡಿಸಿ ತಂದಿದ್ದೆವು.

‘ಒಂದು ಮಾತು ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?’ ಎಂದು ರಸ್ತೆ ಬದಿಯಲ್ಲೇ ಕೂಗಿದೆ.

‘ನೀನು ಹೇಳ್ತೀಯ ಅಂತ ನಾಲ್ಕು ದಿನ ಕಾದೆ’ ಎಂದ ಅಪ್ಪ. ‘ನೀನು ನೋಡಿದ್ರೆ ಬರೀ ಇಂಜಿನ್ ವಿಷ್ಯನೇ ಮಾತಾಡ್ತಿದ್ದೆ.’